ಕೊಸರಿಗೆ ಬಂದ ಕಂಬಳಿ

ಕಂಬಳಿಯ ಮೊದಲ ಬೆಲೆ ಮೂರು ಕುರಿ. ಅಂಥ ಕಂಬಳಿ ಎಲ್ಲೂ ಇರಲಿಲ್ಲ, ಆ ಕುರಿಗಳೂ ಇರಲಿಲ್ಲ. ಬೆಲೆ ಮಾತ್ರ ಇತ್ತು. ಅದು ನನಗೆ ಇವತ್ತಿಗೂ ನೆನಪಿದೆ. ನನ್ನ ಮೊದಲ ಸಂಬಳ ಎಷ್ಟಿತ್ತೆಂದು ಕೇಳಿದರೆ ತಡವರಿಸುತ್ತೇನೆ.

ಹೊದ್ದವನು ಯಾರ ಕಣ್ಣಿಗೂ ಬೀಳದಂತೆ ಮಾಡುವ ಕಂಬಳಿ ಅದು. ಕರಿಯದು, ಅಂಚಿನಲ್ಲಿ ಒಂದು ಕೆಂಪು ಎಳೆ. ಒಂದೇ ಷರತ್ತು: ಹೊದ್ದವನು ಮಾತಾಡಕೂಡದು. ಒಂದು ಪದ ಆಡಿದರೂ ಕಂಬಳಿ ಜಾರಿ ಬಿದ್ದು ಅವನು ಎಲ್ಲರಿಗೂ ಕಾಣುತ್ತಾನೆ. ಷರತ್ತು ಹಾಕಿದವನು ನಾನು. ಷರತ್ತಿಲ್ಲದ ಮಾಯೆ ನಮ್ಮ ಕಥೆಯ ಆಟವನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿಬಿಡುತ್ತದೆ ಎಂದು ನನಗೆ ಆಗಲೇ ಹೊಳೆದಿತ್ತು. ಹಾಗೆಂದು ಈಗ ಬರೆಯುತ್ತಿದ್ದೇನೆ. ಆಗ ಬಾಯಿಗೆ ಬಂದದ್ದನ್ನು ಹೇಳಿದ್ದೆ ಅನ್ನುವುದೇ ನಿಜಕ್ಕೆ ಹತ್ತಿರ.

ಎಪ್ಪತ್ತರ ದಶಕದ ನಡುವೆ ಒಂದು ವರ್ಷ ನಾವು ಮೂವರು ಚಿತ್ರದುರ್ಗದಲ್ಲಿ, ಬೆಟ್ಟದ ಬುಡದ ಒಂದು ಓಣಿಯಲ್ಲಿ, ಒಂದೇ ಕೋಣೆ ಹಿಡಿದು ಇದ್ದೆವು. ಮೂವರೂ ಟೈಪಿಂಗ್ ಕಲಿಯಲು ಬಂದವರು. ಟೈಪಿಂಗ್ ಪಾಸಾದರೆ ಸರ್ಕಾರಿ ಕೆಲಸ ಸಿಕ್ಕೇ ಸಿಗುತ್ತದೆಂದು ಮೂರೂ ಮನೆಗಳಲ್ಲಿ ನಂಬಿದ್ದರು. ಒಬ್ಬ ಹಿರೇಗುಂಟನೂರಿನವನು, ಮನೆಯಲ್ಲಿ ಕುರಿಮಂದೆ, ಅಪ್ಪ ಸಂತೆಗಳಲ್ಲಿ ಕುರಿ ವ್ಯಾಪಾರ ಮಾಡುವವರು. ಇನ್ನೊಬ್ಬ ಹೊಸದುರ್ಗದವನು, ಅವರದು ತೆಂಗಿನಕಾಯಿ ವ್ಯಾಪಾರ. ನನ್ನ ಊರು ಇವೆರಡೂ ಅಲ್ಲ. ಅಲ್ಲಿ ನನ್ನ ದಾರಿ ಕಾಯುವವರು ಯಾರೂ ಇರಲಿಲ್ಲವಾದ್ದರಿಂದ ಅದನ್ನು ಇಲ್ಲಿಗೆ ಎಳೆದು ತರುವುದಿಲ್ಲ.

ಹೊಸದುರ್ಗದವನಿಗೆ ಒಮ್ಮೆ ಜ್ವರ ಬಂದು ಮೂರು ದಿನ ಮಲಗಿದ. ಹೊತ್ತು ಹೋಗಲೆಂದು ನಾನೊಂದು ಕಥೆ ಹೇಳತೊಡಗಿದೆ. ಒಬ್ಬ ಕಳ್ಳ ಕೋಟೆಗೆ ನುಗ್ಗುತ್ತಾನೆ, ಏಳು ಬಾಗಿಲು, ಬಾಗಿಲಿಗೊಬ್ಬ ಕಾವಲಿನವನು. ಮೂರನೇ ಬಾಗಿಲಿಗೆ ಬರುವ ಹೊತ್ತಿಗೆ ಕಥೆ ನಿಂತುಹೋಯಿತು. ಮುಂದೇನೆಂದು ನನಗೇ ತೋಚಲಿಲ್ಲ.

"ಈಗ ನೀನೇ ಕಳ್ಳ ಅಂದ್ಕ. ಏನ್ ಮಾಡ್ತೀಯ?" ಎಂದು ಅವನನ್ನೇ ಕೇಳಿದೆ.

"ಕಾವಲಿನೋನಿಗೆ ಮಂಡಕ್ಕಿ ಕೊಡ್ತೀನಿ."

"ಅವ್ನು ತಗಳಲ್ಲ."

"ಜತಿಗೆ ಮೆಣಸಿನಕಾಯಿ ಕೊಡ್ತೀನಿ ಕಣಲೇ, ಬಿಸಿ ಬಜ್ಜಿ. ದುರ್ಗದಾಗೆ ಅದಕ್ಕೆ ಬಗ್ಗದಿರೋ ಕಾವಲಿನೋನು ಯಾವನೈದಾನೆ?"

ಬಗ್ಗಿದನೋ ಇಲ್ಲವೋ ತೀರ್ಮಾನಿಸಲು ಹಿರೇಗುಂಟನೂರಿನವನು ಚೌಕಾಬಾರದ ಹುಣಸೆಬೀಜ ತಂದ. ಒಂದು ಮಗ್ಗುಲನ್ನು ಕಲ್ಲಿಗೆ ತೇಯ್ದು ಬಿಳಿ ಮಾಡಿದ ನಾಲ್ಕು ಬೀಜ. ಎಸೆದಾಗ ಬಿಳಿ ಹೆಚ್ಚು ಬಿದ್ದರೆ ಗೆಲುವು, ಕಪ್ಪು ಹೆಚ್ಚಾದರೆ ಸೋಲು, ಸಮ ಬಿದ್ದರೆ ಮತ್ತೆ ಎಸೆಯುವುದು. ಮೂರು ಬಿಳಿ ಬಿತ್ತು. ಕಾವಲಿನವನು ಮಂಡಕ್ಕಿ ತಿನ್ನುತ್ತ ಕೂತ.

ಆಟ ಅಂದರೆ ಅಷ್ಟೇ. ನಾನು ಕಥೆ ಹೇಳುವುದು, ಅವರು ಅದರೊಳಗೆ ನಡೆಯುವುದು, ಬೀಜ ತೀರ್ಪು ಕೊಡುವುದು. ಹೊಸದುರ್ಗದವನು ಕೊನೆಯವರೆಗೂ ಕಳ್ಳನಾಗಿಯೇ ಉಳಿದ. ಹಿರೇಗುಂಟನೂರಿನವನು ಮಂದೆ ಚದುರಿ ನಾಲ್ಕಾರು ಕುರಿ ಮಾತ್ರ ಉಳಿದ ಕುರಿಗಾಹಿ. ನನ್ನನ್ನು ಇಬ್ಬರೂ 'ಬ್ರಹ್ಮ' ಎಂದು ಕರೆಯತೊಡಗಿದರು, ಹಣೆಬರಹ ಬರೆಯುವವನೆಂದು. ಗೌರವಕ್ಕೆ ಕರೆದದ್ದಲ್ಲ. "ಏನಪ್ಪ ಬ್ರಹ್ಮ, ಬಕೀಟಿಗೆ ನೀರು ತುಂಬಿದ್ಯಾ?" ಎಂದೂ ಅದೇ ಬಾಯಲ್ಲಿ ಕೇಳುತ್ತಿದ್ದರು.

ಕಥೆಯಲ್ಲಿ ಕೊಡು ಕೊಳ್ಳುವುದಕ್ಕೆ ವರಹ ಇಡೋಣ ಎಂದು ನಾನು ಅಂದಾಗ ಹಿರೇಗುಂಟನೂರಿನವನು ಒಪ್ಪಲಿಲ್ಲ. "ವರಹ ನಾನ್ ಕಂಡಿಲ್ಲ. ಕುರಿ ಕಂಡೀನಿ. ಕುರಿ ಇಡು." ಹಾಗೆ ಕುರಿಯೇ ನಮ್ಮ ನಾಣ್ಯವಾಯಿತು. ಕೋಟೆ ಬಾಗಿಲಿನ ಮುದುಕಿಯೊಬ್ಬಳಿಂದ ಅವನು ಮೂರು ಕುರಿ ಕೊಟ್ಟು ಆ ಕಂಬಳಿ ಕೊಂಡ. ಕಳ್ಳ ಅದನ್ನು ಎರವಲು ಕೇಳಿ ಹೊದ್ದು ರಾಜನ ಉಗ್ರಾಣಕ್ಕೆ ಹೋದ. ಅಲ್ಲಿ ರಾಜ ಒಬ್ಬನೇ ಕೂತು ಬೆಲ್ಲ ಕದ್ದು ತಿನ್ನುತ್ತಿದ್ದ ಎಂದು ನಾನು ಹೇಳಿದ್ದೇ ಹೊಸದುರ್ಗದವನು ಚಾಪೆಯ ಮೇಲೆ ಹೊರಳಾಡಿ ನಕ್ಕ.

"ಹೋತು! ಕಂಬಳಿ ಬಿತ್ತು!" ಎಂದ ಹಿರೇಗುಂಟನೂರಿನವನು.

"ನಗು ಮಾತಲ್ಲ ಕಣಲೇ! ಬ್ರಹ್ಮ, ನೀನ್ ಹೇಳು, ನಗು ಮಾತಾ?"

ನಗು ಮಾತಲ್ಲ, ಸೀನು ಮಾತಲ್ಲ, ಅಳುವೂ ಮಾತಲ್ಲ ಎಂದು ತೀರ್ಪು ಕೊಟ್ಟೆ. ಪದ ಆಡಿದರೆ ಮಾತ್ರ ಕಾಣುತ್ತಾನೆ. ಈ ತೀರ್ಪು ಇಲ್ಲಿ ನೆನಪಿರಲಿ.

ಆಮೇಲೆ ಕೆಲಸ ಸಿಕ್ಕಿತು. ಹೀಗೆ ಮೂರು ಪದಗಳಲ್ಲಿ ಬರೆದುಬಿಡಬಹುದು. ನಡುವೆ ಒಂದೂವರೆ ವರ್ಷ ಅರ್ಜಿ ಹಾಕಿದ್ದೆವು. ಹಿರೇಗುಂಟನೂರಿನವನು ಹಿರಿಯೂರಿನ ಆಚೆ ಮಾರಿಕಣಿವೆಗೆ ಹೋದ. ಅಣೆಕಟ್ಟಿನ ನೀರು ಎಷ್ಟು ಅಡಿ ನಿಂತಿದೆ ಎಂದು ದಿನಾ ನೋಡಿ ಬರೆಯುವ ಕೆಲಸ. ಹೊಸದುರ್ಗದವನು ಟೈಪಿಂಗಿನಲ್ಲಿ ಫೇಲಾಗಿ ಅಪ್ಪನ ಮಳಿಗೆಯಲ್ಲಿ ಕೂತ. ನನಗೆ ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯಲ್ಲಿ ಶಾಲೆಯ ಗುಮಾಸ್ತಿಕೆ.

ರಾಮಗಿರಿಯಲ್ಲಿ ಬೆಟ್ಟವಿದೆ, ರೈಲ್ವೆ ಸ್ಟೇಷನ್ ಇದೆ. ನನ್ನ ಕೋಣೆಯ ಕಿಟಕಿಯಿಂದ ಎರಡೂ ಕಾಣುತ್ತಿದ್ದವು. ಕೋಣೆಯಲ್ಲಿ ಒಂದು ಚಾಪೆ, ಒಂದು ಸೀಮೆಎಣ್ಣೆ ಸ್ಟೌ, ಗೋಡೆಗೆ ಹಿಂದಿನ ಬಾಡಿಗೆಯವರು ಬಿಟ್ಟುಹೋದ ಹಳೆಯ ಕ್ಯಾಲೆಂಡರು. ಊರಿನವರು ಒಳ್ಳೆಯವರೇ. "ಊಟ ಆತೇನ್ರಿ?" ಎಂದು ಕೇಳಿ, ಉತ್ತರ ಬರುವುದರೊಳಗೆ ದಾಟಿ ಹೋಗುತ್ತಿದ್ದರು. ಶನಿವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡರೆ ಸೋಮವಾರ ಬೆಳಿಗ್ಗೆಯ ತನಕ ನನ್ನ ಗಂಟಲಿಗೆ ಕೆಲಸವಿರಲಿಲ್ಲ. ಸೋಮವಾರ ಮುಖ್ಯೋಪಾಧ್ಯಾಯರಿಗೆ ನಮಸ್ಕಾರ ಹೇಳುವಾಗ ಮೊದಲ ಅಕ್ಷರ ಒಡೆದು ಬರುತ್ತಿತ್ತು.

ತಿಂಗಳ ಎರಡನೇ ಭಾನುವಾರ ಮಾತ್ರ ಬೇರೆ. ಅವತ್ತು ಮೂವರೂ ದುರ್ಗಕ್ಕೆ ಬರಬೇಕೆಂದು ಮಾತಾಗಿತ್ತು. ನಾನು ಹೊಳಲ್ಕೆರೆಗೆ ಬಂದು ಅಲ್ಲಿಂದ ಬಸ್ಸು ಹಿಡಿಯುತ್ತಿದ್ದೆ. ಕೋಟೆಯ ಎರಡನೇ ಬಾಗಿಲು ದಾಟಿ ಎಡಕ್ಕೆ ಸ್ವಲ್ಪ ಹತ್ತಿದರೆ ಒಂದು ಹಾಸುಬಂಡೆ, ಪಕ್ಕದಲ್ಲಿ ಸೀತಾಫಲದ ಗಿಡಗಳು. ಅಲ್ಲಿ ಕೂರುತ್ತಿದ್ದೆವು. ಬೀಜಗಳು ಗಾಳಿಗೆ ಹಾರದಂತೆ ಟವಲು ಹಾಸುತ್ತಿದ್ದೆವು. ಸಂಜೆಯ ಬಸ್ಸಿನ ತನಕ ಆಟ.

ನಾನು ಮಾಡಿದ ಮೊದಲ ತಪ್ಪು ಇಲ್ಲಿ ಶುರುವಾಗುತ್ತದೆ. ಮುಂದಿನ ತಿಂಗಳು ಅವರು ಬರದಿದ್ದರೆ? ಈ ಭಯಕ್ಕೆ ನಾನು ಪ್ರತಿ ಭಾನುವಾರ ಕಥೆಯಲ್ಲೊಂದು ಹೊಸ ಮಾಯಾವಸ್ತು ಇಟ್ಟು ಕೊಡತೊಡಗಿದೆ. ಹಚ್ಚಿಕೊಂಡರೆ ನೆಲದಡಿಯ ನಿಧಿ ಕಾಣಿಸುವ ಅಂಜನ. ಒಂದು ಹೆಜ್ಜೆಗೆ ಒಂದು ಬೆಟ್ಟ ದಾಟಿಸುವ ಪಾದುಕೆ. ಎಷ್ಟು ಉಂಡರೂ ಮುದ್ದೆ ಖಾಲಿಯಾಗದ ಮಡಕೆ. ಲಂಚ ಅನ್ನಬೇಕು. ವರ್ಷ ತುಂಬುವುದರೊಳಗೆ ಇಬ್ಬರ ಹತ್ತಿರವೂ ಹತ್ತು ಹನ್ನೆರಡು ವಸ್ತುಗಳು. ದಾಟಲಾಗದ ಕಂದಕವಿಲ್ಲ, ಹಾರಲಾಗದ ಗೋಡೆಯಿಲ್ಲ, ಮುಟ್ಟಿದ ಬಾಗಿಲೆಲ್ಲ ತೆರೆಯುತ್ತಿತ್ತು. ಒಂದು ಭಾನುವಾರ ಹೊಸದುರ್ಗದವನು ಆಟದ ನಡುವೆ ಆಕಳಿಸಿದ.

ಹೆಚ್ಚಾದದ್ದು ಮಾರಿಹೋಗಲಿ ಎಂದು ಬೆಟ್ಟದ ಬುಡದಲ್ಲಿ ಒಂದು ಸಂತೆ ಹುಟ್ಟಿಸಿದೆ. ಅಲ್ಲಿನ ವ್ಯಾಪಾರಿಗಳೆಲ್ಲ ನಾನೇ. ಮಡಕೆಯನ್ನು ಮಾರಲು ಹೊಸದುರ್ಗದವನು ಮುಂದೆ ಬಂದ. ಖಾಲಿಯಾಗದ ಮಡಕೆಗೆ ಬೆಲೆ ಎಷ್ಟು?

"ಬೆಲೆನೇ ಇಲ್ಲ ಅದಕ್ಕೆ. ಸಾವಿರ ಕುರಿ ಅಂದ್ರೂ ಕಮ್ಮಿ," ಎಂದ ಅವನು.

ಹಿರೇಗುಂಟನೂರಿನವನು ಬಹಳ ಹೊತ್ತು ಯೋಚಿಸಿ, "ಅದೊಂದಿದ್ರೆ ಈ ಸೀಮೆಯಾಗೆ ರಾಗಿ ಯಾರ್ ಬೆಳೀತಾರಲೇ? ನಮ್ಮಪ್ಪ ಏನ್ ಮಾಡ್ಬೇಕು?" ಎಂದ.

"ನಿಮ್ಮಪ್ಪ ಕುಂತ್ಕಂಡು ಉಣ್ಲಿ."

"ನಮ್ಮಪ್ಪ ಕುಂತ್ಕಂಡು ಉಣ್ಣೋನಲ್ಲ."

ಕೊನೆಗೆ, ಮಡಕೆ ಮುದ್ದೆ ಕೊಡುತ್ತದೆ, ಸಾರು ಕೊಡುವುದಿಲ್ಲ ಎಂದು ನಾನು ತಿದ್ದಿದೆ. ಬೆಲೆ ಅರ್ಧಕ್ಕೆ ಇಳಿಯಿತು. ಸೊಪ್ಪು, ಕಾಳು ಬೆಳೆಯುವವರು ಬದುಕಿಕೊಂಡರು.

ಆದರೆ ಕುರಿಗಳನ್ನು ತಿದ್ದಲಾಗಲಿಲ್ಲ. ನಮ್ಮ ನಾಣ್ಯಕ್ಕೆ ಒಂದು ಗುಣವಿತ್ತು, ಅದು ಮರಿ ಹಾಕುತ್ತಿತ್ತು. ಒಂದು ಭಾನುವಾರದಿಂದ ಇನ್ನೊಂದಕ್ಕೆ ಮಂದೆ ಬೆಳೆಯಬೇಕು ಎಂದು ಹಿರೇಗುಂಟನೂರಿನವನು ಹಟ ಹಿಡಿದು ಲೆಕ್ಕ ಸೇರಿಸುತ್ತಿದ್ದ; ಅದು ಸರಿಯೇ ಆಗಿತ್ತು. ಎಲ್ಲರ ಹತ್ತಿರ ನೂರಾರು ಕುರಿಯಾದವು. ಮೂರು ಕುರಿಯ ಕಂಬಳಿ ಮೂವತ್ತಾಯಿತು, ಆಮೇಲೆ ನೂರು. ಕಂಬಳಿಗೆ ಹೊಸ ಶಕ್ತಿಯೇನೂ ಬಂದಿರಲಿಲ್ಲ. ಕುರಿಯೇ ಅಗ್ಗವಾಗಿತ್ತು.

ಬಹಳ ವರ್ಷಗಳ ನಂತರ ಪರಿಚಯದವರೊಬ್ಬರ ಮನೆಯ ಮೇಜಿನ ಮೇಲೆ ಇಂಥದೇ ಆಟದ ದಪ್ಪ ಇಂಗ್ಲಿಷ್ ಪುಸ್ತಕವೊಂದನ್ನು ಕಂಡೆ. ನಾವು ಬೀಜ ಎಸೆಯುತ್ತಿದ್ದ ವರ್ಷಗಳಲ್ಲೇ ಬೇರೊಂದು ದೇಶದಲ್ಲಿ ಯಾರೋ ಇದನ್ನು ದಾಳ ಹಾಕಿ ಆಡುತ್ತಿದ್ದರಂತೆ. ನಾನು ಮೊದಲು ಹುಡುಕಿದ್ದು ಮಾಯಾವಸ್ತುಗಳ ಬೆಲೆಪಟ್ಟಿಯನ್ನು. ಕಾಣದಂತೆ ಮಾಡುವ ಹೊದಿಕೆ ಅಲ್ಲೂ ಇತ್ತು, ಬೆಲೆ ಚಿನ್ನದ ನಾಣ್ಯಗಳಲ್ಲಿ. ಚಿನ್ನ ಮರಿ ಹಾಕುವುದಿಲ್ಲ, ಜಾಣರು ಅಂದುಕೊಂಡೆ. ಪುಟ ತಿರುಗಿಸಿದರೆ ಅವರೂ ನಮ್ಮ ಹಾಗೇ ಒದ್ದಾಡಿದ್ದು ಕಾಣುತ್ತಿತ್ತು: ಆಟಗಾರರ ಕೈಯಲ್ಲಿ ಚಿನ್ನ ತುಂಬಿದಾಗ ಅದನ್ನು ಹೇಗೆ ಕಿತ್ತುಕೊಳ್ಳಬೇಕು ಎಂದು ಉದ್ದುದ್ದ ಸಲಹೆಗಳು. ಸುಂಕ ಹಾಕಿ, ಕಳ್ಳರನ್ನು ಕಳಿಸಿ. ಆಟಗಾರರು ಮುಂದಿನ ವಾರ ಬರದೇ ಹೋದರೆ ಏನು ಮಾಡಬೇಕೆಂದು ಎಲ್ಲೂ ಇರಲಿಲ್ಲ.

ನಾನೂ ಕಿತ್ತುಕೊಳ್ಳಲು ನೋಡಿದೆ. ಒಂದು ಭಾನುವಾರ ಕಥೆಯಲ್ಲಿ ಕುರಿಗಳಿಗೆ ರೋಗ ಬರಿಸಿದೆ. "ಬೆಳಿಗ್ಗೆ ಎದ್ದು ನೋಡ್ತೀಯ, ಹಟ್ಟಿಯಾಗೆ ಅರ್ಧ ಕುರಿ ಏಳ್ತಾ ಇಲ್ಲ," ಎಂದೆ. ಹೊಸದುರ್ಗದವನು ತನ್ನ ನಷ್ಟಕ್ಕೆ ನನ್ನನ್ನು ಬೈಯತೊಡಗಿದ. ಹಿರೇಗುಂಟನೂರಿನವನು ಬೈಯಲಿಲ್ಲ. ಬೀಜಗಳನ್ನು ಒಂದೊಂದಾಗಿ ಟವಲಿನ ಮೇಲೆ ಜೋಡಿಸಿದ. ಅವರ ಮನೆಯಲ್ಲಿ ಅಂಥ ಒಂದು ಬೆಳಗು ನಿಜವಾಗಿ ಆಗಿತ್ತಂತೆ, ಅವನು ಚಿಕ್ಕವನಿದ್ದಾಗ. ಸತ್ತ ಕುರಿಗಳನ್ನು ಎಳೆದು ಹಾಕಿದ ಮೇಲೆ ಅವನ ಅವ್ವ ಹಟ್ಟಿಯನ್ನು ಗುಡಿಸಿದ್ದನ್ನು, ಆ ಪೊರಕೆಯ ಸದ್ದನ್ನು ಹೇಳಿದ. ನಾನು ಅಲ್ಲೇ ರೋಗವನ್ನು ಹಿಂದಕ್ಕೆ ತೆಗೆದುಕೊಂಡೆ. ಸತ್ತ ಕುರಿಗಳೆಲ್ಲ ಎದ್ದವು. ಬೆಲೆಗಳು ಇನ್ನೂ ಏರಿದವು.

ಕೆಲವು ತಿಂಗಳ ನಂತರ ಅವನೇ ಪರಿಹಾರ ಹೇಳಿದ. "ನಿನ್ ಸಂತೆಯಾಗೆ ಬೆಲೆ ಕೂಗ್ತೀಯಲ್ಲ, ಅದೇ ತಪ್ಪು. ಕುರಿ ವ್ಯಾಪಾರ ಬಾಯಾಗೆ ಮಾಡಬಾರ್ದು. ಕೈಯಾಗೆ ಮಾಡ್ಬೇಕು."

ಅವರಪ್ಪ ಮಾಡುವ ಹಾಗೆ ಅವನು ಬಂಡೆಯ ಮೇಲೆ ಹಾಸಿದ್ದ ಟವಲನ್ನು ಎತ್ತಿ ಕೊಡವಿ ತನ್ನ ಬಲಗೈಯ ಮೇಲೆ ಹಾಕಿಕೊಂಡ. ನನ್ನ ಕೈಯನ್ನು ಅದರಡಿಗೆ ತೆಗೆದುಕೊಂಡ. ಮಾರುವವನು ಕೊಳ್ಳುವವನ ಬೆರಳು ಹಿಡಿಯುತ್ತಾನೆ. ಬಿಡಿಯೋ ಹತ್ತೋ ನೂರೋ ಎಂದು ಮೊದಲು ಬಾಯಲ್ಲಿ ಹೇಳುವುದು, ಆಮೇಲೆ ಹಿಡಿದ ಬೆರಳೆಷ್ಟೋ ಅಷ್ಟು. ಒಪ್ಪಿಗೆಯಿಲ್ಲದಿದ್ದರೆ ಕೊಳ್ಳುವವನು ತಾನು ಕೊಡುವಷ್ಟು ಬೆರಳನ್ನು ತಿರುಗಿಸಿ ಹಿಡಿಯುತ್ತಾನೆ. ಸುತ್ತ ನಿಂತವರಿಗೆ ಟವಲು ಅಲುಗುವುದು ಮಾತ್ರ ಕಾಣುತ್ತದೆ. ಯಾರ ಕಷ್ಟಕ್ಕೆ ಯಾವ ಬೆಲೆ ಎಂದು ಮೂರನೆಯವನಿಗೆ ತಿಳಿಯಬಾರದು. ಕೈ ಬಿಟ್ಟರೆ ವ್ಯಾಪಾರ ಮುರಿಯಿತು. ಹಿಡಿದಿರುವ ತನಕ ನಡೆಯುತ್ತಿದೆ ಎಂದೇ ಲೆಕ್ಕ.

ಆಟ ಮತ್ತೆ ಚಿಗುರಿತು. ಹೊಸದುರ್ಗದವನಿಗೆ ಪಾದುಕೆ ಎಷ್ಟಕ್ಕೆ ಹೋಯಿತೆಂದು ಹಿರೇಗುಂಟನೂರಿನವನಿಗೆ ಗೊತ್ತಾಗುತ್ತಿರಲಿಲ್ಲ. ಗೊತ್ತಾಗದೆ ಇದ್ದುದರಿಂದ ಆಸೆ ಹುಟ್ಟುತ್ತಿತ್ತು. ಒಬ್ಬರ ಮುಖ ಒಬ್ಬರು ಓದುತ್ತ ಕೂರುತ್ತಿದ್ದರು.

ನನಗೆ ಬೇರೆಯೇ ಒಂದು ಲಾಭವಾಯಿತು. ಅದನ್ನು ಬರೆಯದೆ ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಸಂತೆಯ ವ್ಯಾಪಾರಿಗಳೆಲ್ಲ ನಾನೇ ಆದ್ದರಿಂದ ಟವಲಿನಡಿಯ ಎರಡು ಕೈಗಳಲ್ಲಿ ಒಂದು ಯಾವಾಗಲೂ ನನ್ನದು. ರಾಮಗಿರಿಯಲ್ಲಿ ತಿಂಗಳುಗಟ್ಟಲೆ ನನ್ನನ್ನು ಯಾರೂ ಮುಟ್ಟುತ್ತಿರಲಿಲ್ಲ. ಮುಟ್ಟುವುದಕ್ಕೆ ಕಾರಣವೂ ಇರಲಿಲ್ಲ. ಇಲ್ಲಿ ಒಬ್ಬ ಮನುಷ್ಯ ನನ್ನ ನಾಲ್ಕು ಬೆರಳುಗಳನ್ನು ಹಿಡಿದು, ಬಿಟ್ಟು, ಮೂರನ್ನು ಹಿಡಿದು, ಯೋಚಿಸುತ್ತಿದ್ದ. ಹಿರೇಗುಂಟನೂರಿನವನ ಕೈ ತಣ್ಣಗೆ, ಹೊಸದುರ್ಗದವನದು ಬೆವರು. ನಾನು ಒಪ್ಪಬಹುದಾದ ಬೆಲೆಗೂ ಒಪ್ಪದೆ ಚೌಕಾಸಿ ಎಳೆಯುತ್ತಿದ್ದೆ. "ಎಂಥ ಜಿಪುಣನಪ್ಪ ಈ ಬ್ರಹ್ಮ," ಎಂದು ಇಬ್ಬರೂ ನಗುತ್ತಿದ್ದರು. ಯಾರಿಗೂ ಗೊತ್ತಾಗಲಿಲ್ಲ ಎಂದುಕೊಂಡಿದ್ದೆ.

ಹೊಸದುರ್ಗದವನು ಒಂದು ತಿಂಗಳು ಬರಲಿಲ್ಲ. ಮುಂದಿನ ತಿಂಗಳೂ ಬರಲಿಲ್ಲ. ಆಮೇಲೆ ರಾಮಗಿರಿಗೆ ಒಂದು ಕಾರ್ಡು ಬಂತು: ಅಪ್ಪನ ಬದಲು ತಾನೇ ಮಳಿಗೆ ನೋಡಬೇಕಾಗಿದೆ, ಭಾನುವಾರವೇ ಹೆಚ್ಚು ವ್ಯಾಪಾರ, ಆಟದ ತನ್ನ ಸಾಮಾನುಗಳನ್ನೆಲ್ಲ ನೀವಿಬ್ಬರೇ ಹಂಚಿಕೊಳ್ಳಿ. ಕೊನೆಯಲ್ಲಿ, ಪಾದುಕೆಯನ್ನು ಮಾತ್ರ ಮಾರಬೇಡಿ, ನಾಳೆ ಬೆಲೆ ಏರುತ್ತದೆ, ಎಂದು ಬರೆದಿದ್ದ. ಅವನು ಹಾಗೆಯೇ. ಏರುವ ಬೆಲೆ ಕಂಡರೆ ಕೈಯ ವಸ್ತು ಬಿಡುವವನಲ್ಲ.

ಇಬ್ಬರೇ ಉಳಿದೆವು. ಇಬ್ಬರಿಗೆ ಸಂತೆ ಆಗುವುದಿಲ್ಲ. ಒಬ್ಬ ಮಾರಬೇಕು, ಒಬ್ಬ ಕೊಳ್ಳಬೇಕು, ಕದ್ದು ನೋಡುವವನು ಒಬ್ಬನಾದರೂ ಇರಬೇಕು. ಆದರೂ ಹಿರೇಗುಂಟನೂರಿನವನು ಬರುತ್ತಿದ್ದ. ಎಷ್ಟು ತಿಂಗಳು ಹಾಗೆ ನಡೆಯಿತೋ ಗೊತ್ತಿಲ್ಲ. ಆರು ಎಂದು ಬರೆದು ಹೊಡೆದುಹಾಕಿದೆ. ಮೂರಿರಬಹುದು. ಒಂಟಿಯಾಗಿದ್ದವನ ಲೆಕ್ಕ ನಂಬಬಾರದು.

ಒಂದು ಎರಡನೇ ಭಾನುವಾರ ಅವನು ಬಂಡೆಯ ಮೇಲೆ ಕೂತವನೇ ಹೇಳಿದ: "ಮದುವೆ ಗೊತ್ತಾಗೈತೆ ಕಣೋ. ಅಪ್ಪನ ಮೊಣಕಾಲು ಹೋಗೈತೆ. ಇನ್ನ ರಜೆ ಸಿಕ್ಕಿದ ದಿನ ಊರಿಗೋಗಿ ಮಂದೆ ನೋಡ್ಬೇಕು. ಇಲ್ಲಿಗೆ ಬರಾಕಾಗಲ್ಲ."

"ಹಂಗಾರೆ ಇವತ್ತೇ ಕೊನೇದಾ?" ಎಂದೆ.

"ಕಂಬಳಿ ಮಾರಿ ಹೋಗ್ತೀನಿ. ಮಂದೆ ಬಿಟ್ಟೋಗೋನು ಯಾರಿಗಾರ ವಹಿಸಿ ಹೋಗ್ಬೇಕು. ಹಂಗೇ ಎದ್ದೋಗಬಾರ್ದು."

ಅವನು ಆಟದ ಮಾತು ಆಡುತ್ತಿರಲಿಲ್ಲ. ಅವರ ಮನೆಯ ರೀತಿ ಅದು. ಕುರಿಗಾಹಿ ತನ್ನ ಕೊನೆಯ ವಸ್ತುವನ್ನು ಸರಿಯಾಗಿ ಒಬ್ಬರ ಕೈಗೆ ದಾಟಿಸಿದರೆ ಮಾತ್ರ ಅವನು ಕಥೆಯಿಂದ ಹೊರಗೆ ಹೋಗಬಲ್ಲ. ನನಗೆ ತಕ್ಷಣ ಹೊಳೆದದ್ದು ಒಂದೇ: ಕಂಬಳಿ ಮಾರಾಟವಾಗದಿದ್ದರೆ ಅವನು ಮುಂದಿನ ತಿಂಗಳೂ ಬರಲೇಬೇಕು.

ಕೊಳ್ಳುವ ವ್ಯಾಪಾರಿ ನಾನೇ ಆದೆ. ಟವಲು ಹಾಕಿಕೊಂಡೆವು. "ನೂರು," ಎಂದು ಬಾಯಲ್ಲಿ ಹೇಳಿ ಅವನು ನನ್ನ ಎರಡು ಬೆರಳು ಹಿಡಿದ. ಇನ್ನೂರು. ನ್ಯಾಯವಾದ ಬೆಲೆ. ನಾನು ಅವನ ಮೂರು ಬೆರಳು ಹಿಡಿದೆ.

ಅವನು ನನ್ನ ಮುಖ ನೋಡಿದ. ತಪ್ಪಾಗಿ ಹಿಡಿದೆನೆಂದು ಮತ್ತೆ ಎರಡು ಒತ್ತಿದ. ನಾನು ಮತ್ತೆ ಮೂರು ಒತ್ತಿ, ಆಟದ ವ್ಯಾಪಾರಿಯ ದನಿಯಲ್ಲಿ, "ಬೆಲೆ ಏರ್ತಾ ಐತೆ ಗೌಡ್ರೇ. ಒಂದು ತಿಂಗಳು ತಡೆದ್ರೆ ಇನ್ನೂ ಸಿಗುತ್ತೆ. ಯೋಚ್ನೆ ಮಾಡ್ರಿ," ಎಂದೆ. ಅವನು ನಕ್ಕು ಕೈ ತೆಗೆದ. "ಆತು, ಮುಂದಿನ ತಿಂಗಳು ನೋಡಾಣ." ಹೊಳಲ್ಕೆರೆಯ ಬಸ್ಸಿನಲ್ಲಿ ನಾನು ಗೆದ್ದವನ ಹಾಗೆ ಕೂತಿದ್ದೆ.

ಮುಂದಿನ ತಿಂಗಳು ಅವನು ಬಂದ. ಹಿರಿಯೂರಿನ ಬಸ್ಸು ಕೆಟ್ಟು, ಲಾರಿ ಹತ್ತಿ ಬಂದಿದ್ದ; ತಲೆಯೆಲ್ಲ ಧೂಳು. ಮಂಡಕ್ಕಿ ಪೊಟ್ಟಣ ಬಿಚ್ಚುವ ಮೊದಲೇ ಟವಲು ಹಾಕಿದ. ಎರಡು ಬೆರಳು. ನಾನು ನಾಲ್ಕು ಹಿಡಿದೆ.

ಈ ಸಲ ಅವನು ನಗಲಿಲ್ಲ, ಕೈಯನ್ನೂ ತೆಗೆಯಲಿಲ್ಲ. ನಾನು ಹಿಡಿದಿದ್ದ ನಾಲ್ಕು ಬೆರಳನ್ನು ಹಾಗೇ ಬಿಟ್ಟುಕೊಂಡು ಕೆಳಗೆ ಊರಿನ ಕಡೆ ನೋಡುತ್ತ ಕೂತ. ಗಾಳಿಗೆ ಟವಲಿನ ಅಂಚು ನನ್ನ ಮುಂಗೈಗೆ ಬಡಿಯುತ್ತಿತ್ತು.

"ನಮ್ಮಪ್ಪ ಒಂದ್ ಮಾತು ಹೇಳ್ತಾನೆ," ಎಂದ. "ಕೇಳಿದ್ದಕ್ಕಿಂತ ಜಾಸ್ತಿ ಕೊಡ್ತೀನಿ ಅನ್ನೋನು ಕುರಿ ಒಯ್ಯಾಕೆ ಬಂದಿರಲ್ಲ. ಮಾತಾಡಾಕೆ ಬಂದಿರ್ತಾನೆ."

ಹೊಸದುರ್ಗದವನಿಗೆ ಹಾಕಬೇಕಾಗಿದ್ದ ಬಲೆಯನ್ನು ಇವನಿಗೆ ಹಾಕಿದ್ದೆ. ಏರುವ ಬೆಲೆ ತೆಂಗಿನಕಾಯಿ ಮಳಿಗೆಯವನನ್ನು ಹಿಡಿದು ನಿಲ್ಲಿಸುತ್ತಿತ್ತು. ಸಂತೆಯಲ್ಲಿ ಅಪ್ಪನ ಪಕ್ಕ ನಿಂತು ನೂರು ಕೈಗಳನ್ನು ಕಂಡವನಿಗೆ ಅದು ಬೆಲೆಯಾಗಿ ಕಾಣಲೇ ಇಲ್ಲ.

"ಅಲ್ಲಿ ರಾಮಗಿರಿಯಾಗೆ ಯಾರೂ ಇಲ್ವೇನೋ?" ಎಂದು ಕೇಳಿದ.

"ಐದಾರೆ. ಊಟ ಆತಾ ಅಂತ ಕೇಳ್ತಾರೆ."

"ಹ್ಞೂಂ," ಎಂದ. "ಕಂಬಳಿ ನಿಂಗ್ ಮಾರಲ್ಲ. ನನ್ ಕೋಲು ತಗ. ಬರೀ ಕೋಲು, ಮಾಯೆ ಗೀಯೆ ಏನಿಲ್ಲ ಅದ್ರಾಗೆ. ಬಿಡಿ ಲೆಕ್ಕ," ಎಂದು ನನ್ನ ಒಂದೇ ಬೆರಳು ಹಿಡಿದ. ಒಂದು ಕುರಿ.

ನಾನು ಒಪ್ಪಿ ಅವನ ಒಂದು ಬೆರಳು ಒತ್ತಿದೆ. ವ್ಯಾಪಾರ ಮುಗಿಯಿತು.

"ಕಂಬಳಿ ಕೊಸರು," ಎಂದ ಅವನು.

ಸೊಪ್ಪು ಕೊಂಡಾಗ ಸೊಪ್ಪಿನವಳು ಚೀಲಕ್ಕೆ ಮೇಲೊಂದು ಹಿಡಿ ಹಾಕುತ್ತಾಳಲ್ಲ, ಅದು ಕೊಸರು. "ಕುರಿ ವ್ಯಾಪಾರದಾಗೆ ಕೊಸರು ಎಲ್ಲೈತೋ?" ಎಂದೆ.

"ಇಲ್ಲ. ಇದು ಸೊಪ್ಪಿನ ವ್ಯಾಪಾರ ಅಂದ್ಕ. ಕೊಸರಿಗೆ ಬೆಲೆ ಕೇಳಬಾರ್ದು, ಬ್ಯಾಡ ಅನ್ನಬಾರ್ದು."

ಈ ಸಂಭಾಷಣೆಯನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ನಡೆಸಿದ್ದೇನೆಂದರೆ, ಅವನು ಆಡಿದ್ದು ಯಾವುದು, ನಾನು ಅವನ ಬಾಯಿಗೆ ಇಟ್ಟದ್ದು ಯಾವುದು ಎಂದು ಬೇರ್ಪಡಿಸಲಾರೆ. ಕೊಸರು ಎಂಬ ಪದ ಅವನದೇ. ಅದರಲ್ಲಿ ಅನುಮಾನವಿಲ್ಲ, ನನಗೆ ಅಷ್ಟು ಒಳ್ಳೆಯದು ಹೊಳೆಯುವುದಿಲ್ಲ. ಎಷ್ಟೋ ತಿಂಗಳು ನಾನು ಕುರಿ ಹೆಚ್ಚಿಸಿ, ರೋಗ ಬರಿಸಿ, ಮಡಕೆಯ ಸಾರು ಕಿತ್ತುಕೊಂಡು ಸರಿಪಡಿಸಲಾಗದ್ದನ್ನು ಅವನು ಒಂದು ಕೋಲಿನ ಮೇಲೆ ಹಾಕಿ ಕೊಟ್ಟುಬಿಟ್ಟ. ಬೆಲೆಯಿಲ್ಲದ್ದು ಏರುವುದಿಲ್ಲ, ಇಳಿಯುವುದಿಲ್ಲ. ಅದನ್ನು ಹಿಡಿದುಕೊಂಡು ಯಾರನ್ನೂ ಮುಂದಿನ ತಿಂಗಳಿಗೆ ಕರೆಯಲಾಗುವುದಿಲ್ಲ.

ಅವನು ಕೈ ತೆಗೆದು ಟವಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡ. ಬೀಜಗಳನ್ನು ನನಗೆ ಕೊಟ್ಟ. ಟವಲು ಅವನದು, ಕೇಳಲಿಲ್ಲ. "ಹೋಗಾಣ ನಡಿ," ಎಂದ. ಬಸ್ ಸ್ಟ್ಯಾಂಡಿನಲ್ಲಿ ನನ್ನ ಬಸ್ಸು ಮೊದಲು ಬಂತು.

ಮದುವೆಗೆ ಹೋಗಿದ್ದೆ. ಊಟ ಮಾಡಿದೆ. ಅವನ ಅಪ್ಪ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಅವರ ಕೈ ನೋಡಿದೆ, ದೊಡ್ಡ ಕೈ. ಹೊಸದುರ್ಗದವನು ಮಳಿಗೆ ಬಿಟ್ಟು ಬಂದಿರಲಿಲ್ಲ.

ಅದಾದ ಮೇಲೆ ರಾಮಗಿರಿಯಲ್ಲಿ ಎರಡನೇ ಭಾನುವಾರಗಳಲ್ಲಿ ಒಬ್ಬನೇ ಬೀಜ ಎಸೆದು ನೋಡಿದೆ. ಕಥೆ ಹೇಳುವವನೇ ನಡೆಯುವವನೂ ಆದರೆ ಯಾವ ಬಾಗಿಲೂ ಮುಚ್ಚಿರುವುದಿಲ್ಲ. ಕಂಬಳಿ ಹೊದ್ದು ಸ್ಟೇಷನ್ನಿನ ತನಕ ಹೋಗಿ ಬರುತ್ತಿದ್ದೆ. ಅಂದರೆ, ಹೊದ್ದಿದ್ದೇನೆ ಎಂದುಕೊಂಡು. ಯಾರೂ ನೋಡುತ್ತಿರಲಿಲ್ಲ. ಮೊದಲೂ ನೋಡುತ್ತಿರಲಿಲ್ಲ, ಆದ್ದರಿಂದ ಕಂಬಳಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಲ್ಲಿ ಪರೀಕ್ಷೆ ಮಾಡುವಂತಿರಲಿಲ್ಲ. ನನ್ನನ್ನು ನೋಡಬಲ್ಲವರು ಇರುವ ಕಡೆಗೆ ಹೋಗಬೇಕಾಗಿತ್ತು.

ಒಂದು ಕೆಲಸದ ದಿನ ರಜೆ ಹಾಕಿ ಹೊಸದುರ್ಗಕ್ಕೆ ಹೋಗಿ, ಅಲ್ಲಿಂದ ಹಿರಿಯೂರಿನ ಬಸ್ಸು ಹತ್ತಿ ಮಾರಿಕಣಿವೆಯ ಹತ್ತಿರ ಇಳಿದೆ. ಹೊಸದುರ್ಗದಲ್ಲಿ ತೆಂಗಿನಕಾಯಿ ಮಳಿಗೆಯ ಬೀದಿಯನ್ನು ತಪ್ಪಿಸಿ ನಡೆದೆ. ಅಣೆಕಟ್ಟಿನ ಮೇಲೆ ಗಾಳಿ ಇತ್ತು. ನೀರು ಎಷ್ಟು ಅಡಿ ಇತ್ತೋ, ಅವನು ಬರೆದಿರುತ್ತಾನೆ. ನಾನು ಗೋಡೆಗೆ ಒರಗಿ ನಿಂತು ಕಾದೆ. ಮಾತಾಡಿಸಬೇಕೆಂದೇ ಬಂದಿದ್ದೆ. ಬಸ್ಸಿನಲ್ಲಿ ಮೊದಲ ವಾಕ್ಯವನ್ನೂ ಸಿದ್ಧ ಮಾಡಿಕೊಂಡಿದ್ದೆ.

ಅವನು ಇನ್ನೊಬ್ಬನ ಜೊತೆ ಮೆಟ್ಟಿಲು ಹತ್ತಿ ಬಂದ. ಕಂಕುಳಲ್ಲಿ ಪುಸ್ತಕ, ಹೆಗಲಲ್ಲಿ ಟವಲು. ಜೊತೆಯವನು ಏನೋ ಹೇಳಿದ, ಇವನು ನಿಂತು ನಕ್ಕು, ಅವನ ಬೆನ್ನಿಗೊಂದು ಏಟು ಹಾಕಿದ. ಇಬ್ಬರೂ ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ ದಾಟಿ ಹೋದರು. ಅವನ ಕಣ್ಣು ಒಮ್ಮೆ ನಾನಿದ್ದ ಕಡೆ ಬಂದು ನೀರಿನ ಕಡೆ ಹೋಯಿತು.

ಬಿಸಿಲು ಅವನ ಎದುರಿಗಿತ್ತು. ಹಾಗಾಗಿ ಕಾಣದೇ ಇದ್ದಿರಬಹುದು. ಅವನೇ ಅಲ್ಲದಿರಬಹುದು ಎಂದೂ ಕೆಲವು ವರ್ಷ ವಾದಿಸಿದ್ದೇನೆ. ಟವಲು ಎಲ್ಲರ ಹೆಗಲಲ್ಲೂ ಇರುತ್ತದೆ. ಆದರೆ ಒಂದು ಪದ ಆಡಿದ್ದರೆ ಸಾಕಿತ್ತು. ಲೇ, ಅಂದಿದ್ದರೆ ಸಾಕಿತ್ತು. ನಾನು ಆಡಲಿಲ್ಲ. ಅವರು ಅಣೆಕಟ್ಟಿನ ಆ ತುದಿಯ ತನಕ ಸಣ್ಣಗಾಗುತ್ತ ಹೋಗುವುದನ್ನು ನೋಡುತ್ತ ನಿಂತೆ.

ರಸ್ತೆಗೆ ನಡೆದು ಬಂದು ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಸೀಟಿತ್ತು. ಕಂಡಕ್ಟರು ಚೀಲ ಅಲುಗಿಸುತ್ತ ಬಂದು ನನ್ನ ಮುಂದೆ ನಿಂತ. "ಎಲ್ಲಿಗ್ರಿ?"

ಬೇರೆ ಯಾರನ್ನೋ ಕೇಳಿದನೆಂದು ನಾನು ಹಿಂದಕ್ಕೆ ತಿರುಗಿ ನೋಡಿದೆ.

"ನಿಮ್ಮನ್ನೇ ಕೇಳಿದ್ದು. ಎಲ್ಲಿಗೆ?"

"ಹೊಸದುರ್ಗ," ಎಂದೆ. ಮೊದಲ ಅಕ್ಷರ ಒಡೆದು ಬಂತು. ಕಂಬಳಿ ಜಾರಿ ಬಿತ್ತು.